ಮಗಳಿದ್ದ ಜಾಗದಲ್ಲಿ ಪರದೆ

ಭಾನುವಾರ, ಮಧ್ಯಾಹ್ನ

ನನ್ನ ಚಿನ್ನುಮರಿಗೆ,

ನಿನ್ನ ಕಾಗದ ತಲುಪಿತು. ಅದನ್ನು ಕಾಗದ ಅನ್ನುವುದಕ್ಕಿಂತ ಪ್ರಶ್ನೆಪತ್ರಿಕೆ ಅನ್ನಬೇಕು. ಸಭಾಭವನದ ಆ ದೊಡ್ಡ ಚಿತ್ರವನ್ನು ಶುಚಿಮಾಡುವ ಕೆಲಸ ನಿನಗೇ ಸಿಕ್ಕಿದೆ ಎಂದು ಕೇಳಿದಾಗಲೇ ಈ ಪ್ರಶ್ನೆ ಬಂದೇ ಬರುತ್ತದೆ ಎಂದುಕೊಂಡಿದ್ದೆ. ಅದರಲ್ಲಿ ಮಂತ್ರಿಗಳು, ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು, ಪಕ್ಕದಲ್ಲಿ ಕೆಂಪು ಪರದೆ. ಪರದೆಯ ಮೂಲೆಯನ್ನು ಹತ್ತಿಯಿಂದ ಒರೆಸಿದರೆ ಒಬ್ಬ ಹುಡುಗಿಯ ಭುಜ ಕಂಡಿತು, ಇವಳು ಯಾರು, ಇಡೀ ಪರದೆ ತೆಗೆಯಲೋ ಬೇಡವೋ ಎಂದು ಕೇಳಿದ್ದೀಯ. ಚಿತ್ರ ಬರೆದವರು ನಿಮ್ಮಪ್ಪ. ಅವರನ್ನು ಕೇಳಿದರೆ 'ನಿಮ್ಮಮ್ಮನ್ನ ಕೇಳು' ಅಂದರಂತೆ. ಯಾವಾಗಲೂ ಅಷ್ಟೇ, ಕಷ್ಟದ್ದನ್ನೆಲ್ಲ ನನ್ನ ತಲೆಗೆ ಕಟ್ಟುವುದು.

ಅವಳು ನಾನು, ಕಂದ.

ಆ ಮಂತ್ರಿ ನನ್ನ ಅಪ್ಪ. ನೀನು ಪಾಠದಲ್ಲಿ ಓದಿದ 'ಮಂತ್ರಿ ಮನೆಯ ಹಗರಣ' ಬೇರೇನಲ್ಲ, ಚಿತ್ರ ಬರೆಯಲು ಬಂದವನ ಜೊತೆ ಮನೆಮಗಳು ಓಡಿಹೋದದ್ದು. ಪತ್ರಿಕೆಗಳು ಬಾಯಿ ಚಪ್ಪರಿಸಿದವು. ವಿರೋಧಿಗಳು ಸಭೆಯಲ್ಲಿ ಮೇಜು ಕುಟ್ಟಿ ನಕ್ಕರು. ಅಪ್ಪ ನಿಮ್ಮಪ್ಪನ ಮೇಲೆ ಅಪಹರಣದ ಕೇಸು ಹಾಕಿಸಿದರು. ನೀನು ಹುಟ್ಟುವ ಮುಂಚೆ ಅದು ವಾಪಸಾಯಿತು. ಮಗಳ ಮೇಲೆ ಕರುಣೆ ಬಂತು ಎಂದುಕೊಂಡು ನಾನು ಅತ್ತುಬಿಟ್ಟಿದ್ದೆ.

ನೀನು ಶಾಲೆಗೆ ಸೇರಿದ ವರ್ಷ ಪತ್ರಿಕೆಯಲ್ಲಿ ಆ ಚಿತ್ರದ ಫೋಟೋ ಬಂತು. ನಾನು ನಿಂತಿದ್ದ ಕಡೆ ಪರದೆ. ಅದು ಯಾರ ಕೈ ಎಂದು ನನಗೆ ತಿಳಿಯದೇ? ಕೇಳಿದಾಗ ನಿಮ್ಮಪ್ಪ ಸುಳ್ಳು ಹೇಳಲಿಲ್ಲ. ಕೇಸು ವಾಪಸಾಗಬೇಕಾದರೆ ನೀನೇ ಬಂದು ಅವಳನ್ನು ಅಳಿಸು ಎಂದು ನನ್ನ ಅಪ್ಪ ಅಂದರಂತೆ, ಇವರು ಹೋಗಿ ಅಳಿಸಿದರಂತೆ. ಜೈಲಿಗೆ ಹೋಗಿದ್ದರೂ ಕಾಯುತ್ತಿದ್ದೆ. ನನ್ನನ್ನು ಕೈಯಾರೆ ಅಳಿಸಿದವರ ಜೊತೆ ಹೇಗೆ ಬಾಳಲಿ? ನಿನ್ನನ್ನು ಕರೆದುಕೊಂಡು ಬೇರೆ ಮನೆ ಮಾಡಿದೆ. ನಮ್ಮಿಬ್ಬರಿಗೂ ಹೊಂದಲಿಲ್ಲ ಎಂದಷ್ಟೇ ನಿನಗೆ ಹೇಳಿದೆ.

ಆದರೆ ನೀನು ಒಂದು ಮಾತು ಬರೆದಿದ್ದೀಯಲ್ಲ, ಹುಡುಗಿಗೂ ಪರದೆಗೂ ನಡುವೆ ದಪ್ಪಗೆ ವಾರ್ನಿಷ್ ಇದೆ, ಅದರಿಂದ ಪರದೆ ಸಲೀಸಾಗಿ ಬಿಡುತ್ತಿದೆ, ಅವಳಿಗೆ ಒಂದು ಗೀರೂ ಆಗಿಲ್ಲ ಎಂದು. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಬಣ್ಣದ ಮೇಲೆ ನೇರ ಬಣ್ಣ ಬಳಿದರೆ ಎರಡೂ ಅಂಟಿಕೊಂಡುಬಿಡುತ್ತವೆ ಎಂಬುದು ಅವರ ಕುಂಚ ತೊಳೆದ ನನಗೂ ಗೊತ್ತು. ಅಳಿಸುವ ಮನಸ್ಸಿದ್ದರೆ ವಾರ್ನಿಷ್ ಯಾಕೆ ಹಚ್ಚುತ್ತಿದ್ದರು? ನನ್ನನ್ನು ಮುಚ್ಚಿಟ್ಟಿದ್ದಾರೆ, ಅಷ್ಟೇ. ಇಷ್ಟು ವರ್ಷ ನಾನು ಬೈದದ್ದನ್ನೆಲ್ಲ ಸುಮ್ಮನೆ ಬೈಸಿಕೊಂಡರು. ನನಗೆ ತುಂಬ ಸಂಕಟವಾಗುತ್ತಿದೆ.

ಪರದೆ ತೆಗೆ. ಸಭಾಭವನದ ಸಮಿತಿಯವರು ತಕರಾರು ಮಾಡಿದರೆ ಹುಡುಗಿ ಒಪ್ಪಿದ್ದಾಳೆ ಎಂದು ಹೇಳು. ನಿಮ್ಮಪ್ಪನ ಹತ್ತಿರ ಹೋಗಿ ಮಾತಾಡು ಎಂದು ಮಾತ್ರ ನನಗೆ ಹೇಳಬೇಡ. ಈ ವಯಸ್ಸಿನಲ್ಲಿ ಅದು ನನ್ನಿಂದಾಗದು.

ನಿನ್ನ
ಅಮ್ಮ

ಮತ್ತೊಂದು ಮಾತು: ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಈ ಸಾಲುಗಳನ್ನು ನಿಮ್ಮಪ್ಪನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಯಾಕೆ ಹೇಳಲಿಲ್ಲ ಎಂದು ಜಗಳಕ್ಕೇ ನಿಂತೆ. 'ಹೇಳಿದ್ರೆ ನೀನು ಅವತ್ತೇ ಹೋಗಿ ಪರದೆ ಒರೆಸಿಬಿಡ್ತಿದ್ದೆ. ಕೇಸು ಮತ್ತೆ ಏಳ್ತಿತ್ತು. ನಾನು ಜೈಲು ಸೇರ್ತಿದ್ದೆ, ಮಗು ಅಪ್ಪ ಇಲ್ದೆ ಬೆಳೀತಿತ್ತು' ಅಂದರು. ನಿಜ, ಒರೆಸಿಯೇ ಬಿಡುತ್ತಿದ್ದೆ. ಆದರೆ ನೀನು ಅಪ್ಪ ಇಲ್ಲದೆಯೇ ಬೆಳೆದೆಯಲ್ಲ, ಕಂದ. ಅದನ್ನು ಅವರಿಗೂ ಹೇಳಿದೆ.