ಹೂ ಚುಚ್ಚಿದ ಕಲೆ

ರಾಣೇಬೆನ್ನೂರು
೨೩ ಏಪ್ರಿಲ್ ೨೦೨೫, ಬುಧವಾರ

ತಂಗಿ ಗದಿಗೆವ್ವಳಿಗೆ,

ಶೇಖಪ್ಪಣ್ಣನ ಆಶೀರ್ವಾದಗಳು. ನಿನ್ನ ಸೊಂಟದ ನೋವು ಹೇಗಿದೆ? ಬೀಗರು ರುದ್ರಮುನಿಯವರು ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾರೋ, ಇಲ್ಲ ಇನ್ನೂ ಹಟವೋ? ನಿನ್ನ ಹಿರಿಯ ಸೊಸೆ ಶೈಲಾಳ ಕೆಮ್ಮು ನಿಂತಿತೇ? ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಮುಗಿಸಿದವನು ನೇರ ಮಗಳ ಮನೆಗೆ ಬಂದೆ. ಫೋನ್ ಮಾಡಬಹುದಿತ್ತು. ಆದರೆ ನೀನು ಕಿವಿ ಮಂದವೆಂದು ಸ್ಪೀಕರ್ ಹಾಕುತ್ತೀ, ಕರ್ಜಗಿಯ ಅರ್ಧ ಓಣಿ ನನ್ನ ಮಾತು ಕೇಳುತ್ತದೆ. ಪೊಟ್ಟಣದ ಕಾಗದ ಓದಿ ಅಕ್ಷರ ಕಲಿತವರು ನಾವಿಬ್ಬರು. ನಮಗೆ ಕಾಗದವೇ ಸರಿ.

ನಿನ್ನ ಮಗ ವಿಜಯಮಹಾಂತೇಶ ಕಂಪನಿಯ ತರಬೇತಿಗೆಂದು ಮುಂಬೈಗೆ ಹೋದವನು ಈ ಭಾನುವಾರ ಬರುತ್ತಾನೆ. ಮಗಳು ಸುಧಾರಾಣಿ ಒಬ್ಬಳೇ ಆಗುತ್ತಾಳೆಂದು ನಾನು ಇಲ್ಲಿದ್ದೇನೆ. ಇದ್ದು ಮಾಡಿದ ಕೆಲಸ ಕೇಳು.

ಅವನ ಗಾಜಿನ ತೊಟ್ಟಿ ನಿನಗೆ ಗೊತ್ತಲ್ಲ. ಪಡಸಾಲೆಯಲ್ಲಿ ಉಪ್ಪುನೀರು ತುಂಬಿ, ಸಮುದ್ರದ ಕಲ್ಲು, ಹವಳ, ಬಿಳಿ ಪಟ್ಟಿಯ ಕಿತ್ತಳೆ ಮೀನಿನ ಜೋಡಿ ಇಟ್ಟಿದ್ದಾನೆ. ನಾನು ಬಂದಾಗ ಆ ಕಲ್ಲಿನ ಮೇಲೆ ಹೆಬ್ಬೆರಳಿನಷ್ಟು ಗಾತ್ರದ ಕಂದು ಹೂಗಳು ಎದ್ದಿದ್ದವು. ತೆಳ್ಳನೆಯ ಕಾಂಡ, ತುದಿಗೆ ಉದ್ದುದ್ದ ಎಳೆಗಳು. ನೋಡಲು ಚೆಂದವೇ. ಮುಟ್ಟಹೋದರೆ ಸರಕ್ಕನೆ ಕಲ್ಲಿನ ತೂತಿನೊಳಗೆ ಸೇರಿಕೊಳ್ಳುತ್ತವೆ. ಪಕ್ಕದ ಹವಳ ಮಾತ್ರ ಸುಟ್ಟಂತೆ ಬೆಳ್ಳಗಾಗಿತ್ತು.

"ಇವು ಹೆಚ್ಚಾಗಾಕತ್ತಾವಪಾ," ಎಂದಳು ಸುಧಾ. "ಅವರು ಬರೂದ್ರಾಗ ಹೋಗಬೇಕು. ಹವಳ ಸತ್ತಿದ್ದು ಕಂಡ್ರ..."

ಮೇಲಿನ ಹಲಗೆಯಿಂದ ಉಪ್ಪಿನ ಚೀಲ ಇಳಿಸಲು ಕೈ ಎತ್ತಿದಾಗ ಅವಳ ಜಂಪರಿನ ತೋಳು ಸರಿಯಿತು. ಒಳಗೆ ದುಂಡನೆಯ ಕಲೆಗಳು, ಒಂದರ ಪಕ್ಕ ಒಂದು.

"ಏನವಾ ಇದು?"

"ಹೂ ಚುಚ್ಚಿದ್ದಪಾ. ತೊಟ್ಟಿ ತೊಳಿಯೂ ಮುಂದ."

ನನಗೆ ಸಿಟ್ಟು ಬಂತು. ಹೊಲದಲ್ಲಿ ಕಸ ಕಿತ್ತು ಬೆಳೆದವನು ನಾನು. ಒಂದೊಂದರ ಬುಡಕ್ಕೂ ಉಗುರು ಹಾಕಿ ಎಳೆದೆ. ಬರದಿದ್ದವನ್ನು ಚಾಕುವಿನಿಂದ ಕೆರೆದೆ. ತೊಟ್ಟಿ ಹಸನಾಯಿತೆಂದು ಚಹಾ ಮಾಡಿಸಿಕೊಂಡು ಕುಡಿದೆ.

ಮೊನ್ನೆ ಸೋಮವಾರ ಬೆಳಿಗ್ಗೆ ತೊಟ್ಟಿಯ ದೀಪ ಹಾಕಿ ನೋಡಿದರೆ, ನಾನು ಕೆರೆದಲ್ಲೆಲ್ಲ ಸಾಸಿವೆಯಷ್ಟು, ಮೆಣಸಿನಷ್ಟು ಹೊಸ ಹೂಗಳು. ಗಾಜಿನ ಮೇಲೆ, ಪೈಪಿನ ಬಾಯಲ್ಲಿ, ಸತ್ತ ಹವಳದ ಮೇಲೂ. ಸುಧಾ ತೊಟ್ಟಿಯ ಮುಂದೆಯೇ ಕುಸಿದು ಕುಳಿತಳು. ಮೀನಿನ ತೊಟ್ಟಿಗೆ ಇಷ್ಟು ಅಂಜುವುದೇ ಎಂದು ನನಗೆ ಅದೊಂದು ಬೇರೆ ಗಾಬರಿ.

ಮೀನಿನ ಅಂಗಡಿಯ ಫಿರೋಜನನ್ನು ಕರೆಸಿದೆ. ಗಾಜಿಗೆ ಮೂಗು ಹಚ್ಚಿ ನೋಡಿದ.

"ಕಾಕಾ, ಕಿತ್ತೀರೇನ್ರಿ?"

"ಬೇರ ಸಮೇತ ಕಿತ್ತೇನಪಾ."

"ಇದಕ್ಕ ಬೇರ ಎಲ್ಲಿಂದ ಬರಬೇಕ್ರಿ? ಇದು ಗಿಡಾನ ಅಲ್ಲ, ಜೀವ. ಐಪ್ಟೇಶಿಯಾ ಅಂತಾರ. ಕಲ್ಲಿನ ಜೋಡಿ ಕಳ್ಳತನದಿಂದ ಬರತೈತಿ. ಹರದ ಒಂದೊಂದು ಚೂರೂ ಒಂದೊಂದಾಗಿ ಬೆಳಿತೈತಿ. ನೀವು ಕಸಾ ಕಿತ್ತಿಲ್ರಿ, ಬಿತ್ತೀರಿ."

"ಔಷಧ ಏನು?"

"ಸುಣ್ಣ."

ನಾನು ಎಲೆಯಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದೆ. ಅವನು ನಕ್ಕ. "ಅದನ್ನ ನೀವ ತಿನ್ರಿ. ಅದರಾಗ ತಂಬಾಕ ಕೂಡಿರತೈತಿ. ನನ್ನ ಕಡೆ ಶುದ್ಧ ಪುಡಿ ಐತಿ."

ನೀರು ತಿರುಗಿಸುವ ಮೋಟಾರು ನಿಲ್ಲಿಸಿ, ಸುಣ್ಣವನ್ನು ಗಟ್ಟಿಯಾಗಿ ಕಲಸಿ, ಸಿರಿಂಜಿನಿಂದ ಹೂವಿನ ಬಾಯಿಗೇ ಬಿಡಬೇಕಂತೆ, ಅದು ಬೆದರಿ ಒಳಗೆ ಸರಿಯುವ ಮೊದಲು. ಒಂದೇ ದಿನ ಎಲ್ಲಕ್ಕೂ ಬಿಟ್ಟರೆ ನೀರಿನ ಕ್ಷಾರ ಏರಿ ಮೀನು ಸಾಯುತ್ತವೆ, ದಿನಕ್ಕೆ ಕೆಲವೇ. ಇವನ್ನು ತಿನ್ನುವ ಒಂದು ಜಾತಿಯ ಸಿಗಡಿಯನ್ನೂ ತರಿಸಿಕೊಡುತ್ತೇನೆಂದ.

ತೋರಿಸಲು ಬರಿಗೈಯನ್ನೇ ತೊಟ್ಟಿಗಿಳಿಸಿದ.

"ಕೈ ತಗಿಯೋ, ಚುಚ್ಚತಾವು," ಎಂದೆ.

"ಹವಳಕ್ಕ, ಮೀನಿಗೆ ಇವು ವೈರಿ ರಿ ಕಾಕಾ. ನಮ್ಮ ಕೈಗೆ ಭಾಳ ಅಂದ್ರ ಒಂದೀಟು ತುರಿಕಿ."

ಸುಧಾ ಸೆರಗು ಹೊದ್ದುಕೊಂಡು ಒಳಗೆ ಹೋದಳು. ನನ್ನ ಕೈಗೂ ಏನೂ ಆಗಿರಲಿಲ್ಲ. ಮೆಣಸಿನಕಾಯಿಗೆ ಒಗ್ಗಿದ ಚರ್ಮ, ಅದಕ್ಕೇ ತಾಗಿಲ್ಲ ಎಂದುಕೊಂಡಿದ್ದೆ. ಫಿರೋಜನ ಕೈ ನೋಡಿದೆ. ಮೆತ್ತಗಿದೆ.

ಇರಲಿ. ನಿನ್ನೆಯಿಂದ ಸುಣ್ಣ ಬಿಡುತ್ತಿದ್ದೇವೆ. ಬಿಟ್ಟವು ಮುದುಡಿ ಕರಗುತ್ತಿವೆ. ತಾಯಿಯಿಲ್ಲದ ಹುಡುಗಿಗೆ ಸೋದರತ್ತೆಯೇ ಅತ್ತೆಯಾದಳಲ್ಲ ಎಂಬುದರಿಂದಲೇ ನನಗೆ ರಾತ್ರಿ ಕಣ್ಣಿಗೆ ನಿದ್ದೆ. ಗಳಗನಾಥನ ದಯೆ ನಿಮ್ಮೆಲ್ಲರ ಮೇಲಿರಲಿ, ನಿನ್ನ ಮನೆಯ ಒಲೆ ತಣ್ಣಗಾಗದಿರಲಿ.

ನಿನ್ನ ಅಣ್ಣ,
ಶೇಖಪ್ಪ

ತಾ.ಕ. ಗುರುವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಕಾಗದ ಅಂಟಿಸಿರಲಿಲ್ಲ.

ಇಂದು ಸುಣ್ಣ ಬಿಡುವಾಗ ಗಮನಕ್ಕೆ ಬಂತು. ತೊಟ್ಟಿಯ ತಳ ಮುಟ್ಟಿದರೂ ನೀರು ನನ್ನ ಮೊಣಕೈ ದಾಟುವುದಿಲ್ಲ. ಸುಧಾಳ ಕಲೆಗಳಿರುವುದು ಭುಜದ ಹತ್ತಿರ.

ಕೇಳಿದೆ. ಮೀನುಗಳ ಕಡೆ ತಿರುಗಿದಳು. ಆಮೇಲೆ, "ಸಿಗರೇಟಪಾ. ಅವರಿಗೆ ಸಿಟ್ಟು ಬಂದಾಗ," ಎಂದಳು.

ನಿನ್ನ ಮಗ, ಗದಿಗೆವ್ವ. ನನ್ನ ತೊಡೆಯ ಮೇಲೆ ಜವಳ ತೆಗೆಸಿಕೊಂಡ ಕೂಸು. "ನಿಮ್ಮತ್ತಿ ಮುಂದರ ಹೇಳಬೇಕಿತ್ತಲ್ಲವಾ," ಎಂದೆ.

"ದೀಪಾವಳಿಗೇ ಹೇಳೇನಿ. ಯಾರರ ಕೇಳಿದ್ರ ಹೂ ಚುಚ್ಚೇತಿ ಅನ್ನು ಅಂತ ಹೇಳಿಕೊಟ್ಟಾಕಿನ ಅತ್ತಿ."

ಮೇಲೆ ಬರೆದ ಹಾರೈಕೆಯನ್ನು ನಾನು ಹೊಡೆದುಹಾಕಿಲ್ಲ. ಇದು ಖರೆಯೋ ಸುಳ್ಳೋ, ಶೈಲಾಳಿಂದ ಬರೆಸಬೇಡ, ನಿನ್ನ ಕೈಯಿಂದಲೇ ಬರೆ. ಮೀನುಗಳನ್ನು ಫಿರೋಜ ಒಯ್ದಿದ್ದಾನೆ. ರಾಣೇಬೆನ್ನೂರಿನ ವಿಳಾಸಕ್ಕೆ ಹಾಕಬೇಡ; ಮಧ್ಯಾಹ್ನದ ಬಸ್ಸಿಗೆ ನಾವಿಬ್ಬರೂ ಬ್ಯಾಡಗಿಗೆ ಹೊರಟಿದ್ದೇವೆ. ಅಲ್ಲಿಗೆ ಬರೆ, ಲಗೂ.