ಹಡಗಿನ ಕಾಗದಕ್ಕೆ ನಿನ್ನ ಸಹಿ

ಮಾರ್ಚ್ ೯, ಭಾನುವಾರ
ಅಂಗಡಿಯಲ್ಲಿ, ಬೆಳಗ್ಗೆ

ಪ್ರೀತಿಯ ಗುಬ್ಬಿಗೆ,

ಅಪ್ಪನ ಆಶೀರ್ವಾದ. ನನ್ನ ಆರೋಗ್ಯ ಚೆನ್ನಾಗಿದೆ. ನೀನು ಸ್ವಲ್ಪ ಇಳಿದಿದ್ದೀಯ ಎಂದು ನಿನ್ನ ಸೋದರಮಾವ ಹೇಳಿದ. ಅವನು ಕತ್ತರಿ ಹಿಡಿದವನು, ಯಾರನ್ನು ಕಂಡರೂ ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತಾನೆ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಒಂದೇ ಊರಿನಲ್ಲಿದ್ದು, ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಲೂ ಇದ್ದು, ಅಂಚೆಯಲ್ಲಿ ಕಾಗದ ಯಾಕೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’, ‘ಆಯ್ತು’, ‘ಸರಿ ಹಾಗಾದ್ರೆ’ ಎಂಬ ಮೂರು ಸ್ಟಾಪು ದಾಟಿದ ಕೂಡಲೇ ಇಳಿದುಬಿಡುತ್ತೇವೆ. ಈ ವಿಷಯ ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಮೂರು ವಾರದಿಂದ ಬರೆಯಬೇಕೆಂದುಕೊಂಡು ಬರೆಯಲಿಲ್ಲ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಅಮ್ಮ ನಮ್ಮ ಮೂವರ ಹೆಸರಿನಲ್ಲಿ ಕಾದಿರಿಸಿದ್ದ ಹಡಗಿನ ಪ್ರವಾಸ ರದ್ದಾಗಿದೆ. ಏಪ್ರಿಲ್‌ನಲ್ಲಿ ಹೊರಡಬೇಕಿದ್ದ ಹಡಗಿನ ಎಂಜಿನ್ ಕೆಟ್ಟು ರಿಪೇರಿಗೆ ಹೋಗಿದೆಯಂತೆ. ಕಂಪನಿಯವರು ಕ್ಷಮೆ ಕೇಳಿ ಎರಡು ಪುಟ ಬರೆದಿದ್ದಾರೆ. ನನಗೇನೂ ಸಿಟ್ಟು ಬರಲಿಲ್ಲ. ಮೂವತ್ತೊಂದು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದವನಿಗೆ ಕೆಟ್ಟ ಯಂತ್ರದ ಮೇಲೆ ಸಿಟ್ಟು ಬರುವುದಿಲ್ಲ, ಪಾಪ ಅನ್ನಿಸುತ್ತದೆ.

ಕಾಗದದ ಜೊತೆ ಒಂದು ಫಾರಂ ಇದೆ. ಅದರಲ್ಲಿ ಎರಡು ಚೌಕ. ಮೊದಲನೆಯದಕ್ಕೆ ಗುರುತು ಹಾಕಿದರೆ ಕಟ್ಟಿದ ಹಣ ಪೂರ್ತಿ ವಾಪಸ್ಸು, ಅಲ್ಲಿಗೆ ಮುಗಿಯಿತು. ಎರಡನೆಯದಕ್ಕೆ ಹಾಕಿದರೆ ಹಣ ಅವರಲ್ಲೇ ನಮ್ಮ ಹೆಸರಿನಲ್ಲಿ ಇರುತ್ತದೆ. ಎರಡು ವರ್ಷದೊಳಗೆ ಅವರ ಯಾವ ಹಡಗಿನಲ್ಲಾದರೂ ಹೋಗಬಹುದು, ಕೋಣೆಯನ್ನೂ ಒಂದು ದರ್ಜೆ ಮೇಲಿನದು ಕೊಡುತ್ತಾರೆ. ಆದರೆ ನಮ್ಮದು ಒಂದೇ ಬುಕಿಂಗ್ ಆದ್ದರಿಂದ ಆಯ್ಕೆಯೂ ಒಂದೇ ಆಗಬೇಕು, ಅದರಲ್ಲಿರುವ ಎಲ್ಲರೂ ಸಹಿ ಹಾಕಬೇಕು. ತಿಂಗಳ ಕೊನೆಯೊಳಗೆ ಫಾರಂ ಹೋಗದಿದ್ದರೆ ಹಣ ತಾನಾಗಿಯೇ ವಾಪಸ್ಸು ಬರುತ್ತದೆ. ಅಂದರೆ ಸುಮ್ಮನಿದ್ದರೂ ಒಂದು ಆಯ್ಕೆ ಆಗಿಯೇ ಹೋಗುತ್ತದೆ.

ಇದನ್ನೆಲ್ಲ ಕೇಳಿ ತಿಳಿದುಕೊಳ್ಳೋಣ ಎಂದು ಹೋದ ತಿಂಗಳು ಟಿಕೆಟ್ ಆಫೀಸಿಗೆ ಹೋಗಿದ್ದೆ. ದೊಡ್ಡ ಗಾಜಿನ ಬಾಗಿಲು, ಒಳಗೆ ಹಡಗಿನ ಪಟಗಳು. ಎಲ್ಲ ಪಟದಲ್ಲೂ ಜನ ನಗುತ್ತಲೇ ಇದ್ದಾರೆ. ಕೌಂಟರಿನಲ್ಲಿ ನಿನ್ನ ವಯಸ್ಸಿನ ಒಬ್ಬಳು ಹುಡುಗಿ. ಒಳ್ಳೆಯವಳು, ಆದರೆ ಮಾತು ಎಕ್ಸ್‌ಪ್ರೆಸ್ ಬಸ್ಸು.

“ನೀವು ಮೂರೂ ಜನ ಸೈನ್ ಮಾಡ್ಬೇಕು ಅಂಕಲ್. ನಿಮ್ದು, ಮಗಳದು, ಆಂಟೀದು” ಎಂದಳು.

“ಅವಳು ಬರೋಕಾಗಲ್ಲಮ್ಮ” ಎಂದೆ.

“ಅಯ್ಯೋ, ಬರೋದೇನೂ ಬೇಡ. ಫಾರಂ ಮನೆಗೆ ತಗೊಂಡ್ಹೋಗಿ, ಹಾಕಿಸ್ಕೊಂಡು ಬನ್ನಿ. ಆಂಟಿಗೆ ಕೋಣೆ ಅಪ್‌ಗ್ರೇಡ್ ಆಗುತ್ತೆ ಅಂತ ಹೇಳಿ, ಖುಷಿ ಪಡ್ತಾರೆ.”

ನಾನು “ಹೇಳ್ತೀನಿ” ಎಂದು ಫಾರಂ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದುಬಿಟ್ಟೆ! ಮನೆಗೆ ಬಂದು ಅದನ್ನು ಮೇಜಿನ ಮೇಲೆ ಬಿಡಿಸಿ, ಪೆನ್ನು ಕೂಡ ಪಕ್ಕದಲ್ಲಿಟ್ಟು, ಆಮೇಲೆ ಏನು ಮಾಡುತ್ತಿದ್ದೇನೆ ಎಂದು ತಿಳಿಯಿತು. ಆ ದಿನದ ಡೈರಿಯಲ್ಲಿ ಹೀಗಿದೆ: ‘ಟಿಕೆಟ್ ಆಫೀಸಿಗೆ ಹೋದೆ. ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ.’ ಮೂರು ವಾರ ತಡವಾದದ್ದು ಇದರಿಂದ.

ಈ ಪ್ರವಾಸ ಅಮ್ಮನಿಗೆ ಯಾಕೆ ಬೇಕಾಗಿತ್ತು ಎಂದು ನಿನಗೆ ಗೊತ್ತಿಲ್ಲ. ನೀನು ಆಫೀಸಿನ ಕೆಲಸ ಬಿಟ್ಟು ಬಸ್ ಓಡಿಸುತ್ತೇನೆಂದು ಹೊರಟಾಗ ನಿಮ್ಮಿಬ್ಬರಿಗೂ ಆದ ಜಗಳ ನೆನಪಿರಬೇಕು. ನೀನು ಬಾಗಿಲು ಬಡಿದುಕೊಂಡು ಹೋಗಿ ಡಿಪೋ ಹತ್ತಿರ ರೂಮು ಮಾಡಿದೆ. ಅದಾದ ಮೇಲೆ ನೀನು ಬಂದಾಗಲೆಲ್ಲ ಮಾತು ಎಲ್ಲಿಂದ ಶುರುವಾದರೂ ಅಲ್ಲಿಗೇ ಬರುತ್ತಿತ್ತು, ನೀನು ಚಪ್ಪಲಿ ಮೆಟ್ಟುತ್ತಿದ್ದೆ. ಒಂದು ಸಂಜೆ ಅಮ್ಮ ಶಾಲೆಯ ಲೈಬ್ರರಿಯಿಂದ ಬಂದವಳೇ ಟಿಕೆಟ್ಟಿನ ಚೀಟಿ ನನ್ನ ಮುಂದಿಟ್ಟಳು. “ಏನೇ ಇದು, ಹಡಗು?” ಎಂದೆ.

“ಹೂಂ. ಏಳು ದಿನ. ಎಷ್ಟು ಬೇಕಾದ್ರೂ ಜಗಳ ಆಡ್ಲಿ, ಬಾಗಿಲು ಬಡ್ಕೊಂಡು ಎಲ್ಲಿಗೆ ಹೋಗ್ತಾಳೆ? ಸುತ್ತ ನೀರು!”

ನನಗೆ ನಕ್ಕು ನಕ್ಕು ಕೆಮ್ಮು ಬಂತು. ಅವಳು ಮಾತ್ರ ನಗಲಿಲ್ಲ. “ಮೂರನೇ ದಿನಕ್ಕೆ ಸೋಲ್ತಾಳೆ, ನೋಡ್ತಾ ಇರಿ. ಇಲ್ದಿದ್ರೆ ನಾನೇ ಸೋಲ್ತೀನಿ. ಇಬ್ರಲ್ಲಿ ಒಬ್ರು ಸೋತ್ರೆ ಆಯ್ತಲ್ಲ” ಎಂದಳು.

ನಿನಗೆ ಚೀಟಿ ಕಳಿಸಿದಾಗ ನೀನು ‘ನೋಡೋಣ’ ಎಂದೆ. ಅಷ್ಟಕ್ಕೇ ಅವಳು ಒಂದು ಬಿಸಿಲು ಟೋಪಿ ತಂದಿಟ್ಟುಕೊಂಡಳು. ಇನ್ನೊಂದು ಮಾತು. ನಿನ್ನ ಹದಿನಾಲ್ಕನೇ ನಂಬರಿನ ಬಸ್ಸು ಶಾಲೆಯ ಮೂಲೆ ತಿರುಗುವುದು ಹತ್ತೂ ನಲವತ್ತಕ್ಕಲ್ಲವೇ? ಆ ಹೊತ್ತಿಗೆ ಲೈಬ್ರರಿಯಲ್ಲಿ ಮಕ್ಕಳು ಪುಸ್ತಕ ಹಿಡಿದು ಕಾಯಬೇಕಾಗಿತ್ತಂತೆ, ಯಾಕೆಂದರೆ ಅಮ್ಮ ಕಿಟಕಿಯಲ್ಲಿರುತ್ತಿದ್ದಳು. “ತಿರುವಿನಲ್ಲಿ ಎಷ್ಟು ಚೆನ್ನಾಗಿ ನಿಧಾನ ಮಾಡ್ತಾಳೆ ಗೊತ್ತಾ?” ಎಂದು ನನ್ನ ಹತ್ತಿರ ಹೇಳುವಳು. ಅದನ್ನು ನಿನಗೇ ಹೇಳಲಿ ಎಂದು ನಾನು ಅಂದರೆ, “ಹಡಗಲ್ಲಿ ಹೇಳ್ತೀನಿ” ಎನ್ನುವಳು.

ಯಾರೋ ಬಾಗಿಲಲ್ಲಿ ಯಂತ್ರ ಇಳಿಸುತ್ತಿದ್ದಾರೆ. ಭಾನುವಾರವೂ ಬಿಡುವುದಿಲ್ಲ. ಆಮೇಲೆ ಮುಂದುವರಿಸುತ್ತೇನೆ.

ಮಾರ್ಚ್ ೧೧, ಮಂಗಳವಾರ

ಆ ಯಂತ್ರ ಎರಡು ದಿನ ತಿಂದಿತು. ಪೆಡಲ್ ತುಳಿದರೆ ಚಕ್ರ ತಿರುಗುತ್ತದೆ, ಸೂಜಿ ಮಾತ್ರ ಇಳಿಯುವುದಿಲ್ಲ. ತಂದ ಹೆಂಗಸು ತನಗೆ ತಿಳಿದಷ್ಟು ಎಣ್ಣೆ ಸುರಿದು, ಅದರ ಮೇಲೆ ದಾರದ ಧೂಳು ಕೂತು ಗಟ್ಟಿಯಾಗಿತ್ತು. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದಾಗಿ ಒರೆಸಿಟ್ಟೆ. ಈಗ ಓಡುತ್ತಿದೆ.

ನಿನ್ನೆ ಕಟಿಂಗ್ ಮಾಡಿಸಲು ನಿನ್ನ ಮಾವನ ಅಂಗಡಿಗೆ ಹೋಗಿದ್ದೆ. ತಲೆಗೆ ನೀರು ಹೊಡೆದು, ನಾನು ಅಲ್ಲಾಡಲಾರದ ಹಾಗೆ ಮಾಡಿ, ಆಮೇಲೆ ಬುದ್ಧಿ ಹೇಳಲು ಶುರು ಮಾಡಿದ.

“ಭಾವ, ದುಡ್ಡು ವಾಪಸ್ ತಗೊಂಡ್ಬಿಡಿ. ಮುಂದಿನ ಹಡಗು, ಮೇಲಿನ ಕೋಣೆ, ಇದೆಲ್ಲ ಕೂಸು ಹುಟ್ಟೋ ಮುಂಚೆ ಕುಲಾವಿ. ಎರಡು ವರ್ಷದಲ್ಲಿ ಆ ಕಂಪನಿ ಇರುತ್ತೋ, ಮುಳುಗುತ್ತೋ!”

“ಮುಳುಗೋದು ಹಡಗು ಕಣೋ, ಕಂಪನಿ ಅಲ್ಲ.”

“ಎರಡೂ ಮುಳುಗ್ತವೆ. ಅಲ್ಲ, ನಿಮಗೆ ಬಸ್ಸಲ್ಲಿ ಕೂತ್ರೇ ತಲೆ ಸುತ್ತುತ್ತೆ. ಸಮುದ್ರದಲ್ಲಿ ಏಳು ದಿನ ಏನ್ ಮಾಡ್ತೀರಿ?”

“ವಾಂತಿ ಮಾಡ್ತೀನಿ. ಸಮುದ್ರ ದೊಡ್ಡದಿದೆ.”

ಕಾಯುತ್ತಾ ಕೂತವರೆಲ್ಲ ನಕ್ಕರು. ಅವನೂ ನಕ್ಕ. ನಗುತ್ತಾ ನಗುತ್ತಾ ಕತ್ತರಿ ನಿಲ್ಲಿಸಿ, ಕನ್ನಡಿಯಲ್ಲಿ ನನ್ನನ್ನು ನೋಡಿ, “ಅಕ್ಕ ಇದ್ದಿದ್ರೆ ಏನ್ ಮಾಡ್ತಿದ್ಲು ಭಾವ?” ಎಂದ.

“ನಮ್ಮನ್ನ ಕೇಳ್ತಾನೇ ಇರ್ಲಿಲ್ಲ” ಎಂದೆ. ಅವನು ಮುಖ ಆ ಕಡೆ ಮಾಡಿ, ತೊಳೆದ ಬಾಚಣಿಗೆಯನ್ನೇ ಮತ್ತೆ ತೊಳೆದ. ಕಟಿಂಗ್ ಒಂದು ಕಡೆ ಸ್ವಲ್ಪ ಏರಿದೆ. ಅವನ ಕೈಯಲ್ಲಿ ಇದೇ ಮೊದಲು.

ಅಲ್ಲಿಂದ ನೇರ ಟಿಕೆಟ್ ಆಫೀಸಿಗೆ ಹೋದೆ. ಅದೇ ಹುಡುಗಿ. “ಬನ್ನಿ ಅಂಕಲ್! ಆಂಟಿ ಏನಂದ್ರು?” ಎಂದಳು.

“ಆಂಟಿ ಇಲ್ಲಮ್ಮ. ಅಕ್ಟೋಬರಿನಲ್ಲಿ ತೀರಿಕೊಂಡಳು. ಹೋದ ಸಲ ಹೇಳೋಕೆ ಆಗ್ಲಿಲ್ಲ” ಎಂದೆ. ಹೊರಗಿನವರ ಎದುರು ಆ ಮಾತನ್ನು ನಾನು ಪೂರ್ತಿ ಹೇಳಿದ್ದು ಅದೇ ಮೊದಲ ಸಲ. ಹೇಳಿದ ಮೇಲೂ ಗಾಜಿನ ಬಾಗಿಲು ಅಲ್ಲೇ ಇತ್ತು, ಪಟದಲ್ಲಿನ ಜನ ನಗುತ್ತಲೇ ಇದ್ದರು, ಏನೂ ಬೀಳಲಿಲ್ಲ.

ಎಕ್ಸ್‌ಪ್ರೆಸ್ ಬಸ್ಸು ನಿಂತಿತು. ಆ ಹುಡುಗಿ ಎದ್ದು, ಕೌಂಟರ್ ಸುತ್ತಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನಿಧಾನವಾಗಿ ಮತ್ತೆ ಹೇಳಿದಳು. ಅಮ್ಮನ ಸಹಿಯ ಬದಲು ಮರಣ ಪ್ರಮಾಣಪತ್ರ ಸಾಕು. ನಾವಿಬ್ಬರೂ ಒಪ್ಪಿದರೆ ಅವಳ ಪಾಲು ಕೂಡ ನಮ್ಮಿಬ್ಬರ ಕೋಣೆಗೇ ಸೇರುತ್ತದೆ. ಕಿಟಕಿಯ ಬದಲು ಹೊರಗೆ ಕೂರಲು ಸಣ್ಣ ಜಾಗ ಇರುವ ಕೋಣೆ ಸಿಗುತ್ತದೆ. ನಡುವೆ ತೆಳ್ಳನೆಯ ಗೋಡೆ, ಎರಡು ಬೇರೆ ಬೇರೆ ಹಾಸಿಗೆ. ನಾನು ಗೊರಕೆ ಹೊಡೆದರೆ ನೀನು ಹೊರಗೆ ಹೋಗಿ ಕೂರಬಹುದು.

“ನಿಮಗೇನು ಇಷ್ಟ ಅಂಕಲ್?” ಎಂದು ಕೇಳಿದಳು. ಐದು ತಿಂಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ‘ಏನಾದರೂ ತಿಂದ್ರಾ’ ಎಂದು ಕೇಳಿದ್ದರು, ‘ಹೇಗಿದ್ದೀರಿ’ ಎಂದು ಕೇಳಿದ್ದರು. ನನಗೆ ಎರಡನೆಯ ಚೌಕ ಇಷ್ಟ ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

ಹೌದು ಗುಬ್ಬಿ, ನನಗೆ ಹೋಗಬೇಕೆನಿಸುತ್ತದೆ. ಅವಳ ನೆನಪಿಗಾಗಿ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಅದಷ್ಟೇ ಅಲ್ಲ. ನಿನ್ನ ಜೊತೆ ಏಳು ದಿನ ಇರಬೇಕು. ‘ಸರಿ ಹಾಗಾದ್ರೆ’ ಎಂದು ಇಬ್ಬರೂ ಫೋನ್ ಇಡಲಾಗದ ಜಾಗದಲ್ಲಿ. ನೀನು ಜಗಳ ಆಡಿದರೂ ಸರಿ. ಅಮ್ಮನಷ್ಟು ಚೆನ್ನಾಗಿ ಆಡಲು ನನಗೆ ಬರುವುದಿಲ್ಲ, ಕಲಿಯುತ್ತೇನೆ.

ಫಾರಂ ಇದರೊಳಗಿದೆ. ಸಹಿ ಮಾಡಿ ನನಗೆ ಕಳಿಸು, ಅಥವಾ ರಜೆಯ ದಿನ ನೀನೇ ತೆಗೆದುಕೊಂಡು ಬಾ. ವೇಳೆಗೆ ಸರಿಯಾಗಿ ಉಣ್ಣು. ಮಳೆ ಬಿದ್ದ ರಸ್ತೆಯಲ್ಲಿ ನಿಧಾನ. ನಿನ್ನ ಬಸ್ಸು ಹತ್ತಿದವರೆಲ್ಲ ಮನೆ ಸೇರಲಿ, ನೀನೂ ದಿನಾ ಸುಖವಾಗಿ ಇಳಿದು ಮನೆ ಸೇರು. ನೂರು ಕಾಲ ಬಾಳು, ಮಗಳೇ.

ಇಂತಿ ನಿನ್ನ
ಅಪ್ಪ

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು:

ಇದನ್ನು ಹೇಳದೆ ನಿನ್ನಿಂದ ಸಹಿ ತೆಗೆದುಕೊಂಡರೆ ಅದು ಮೋಸವಾಗುತ್ತದೆ. ಅಮ್ಮ ಹೋದ ದಿನ ನೀನು ಯೂನಿಫಾರಂನಲ್ಲೇ ಓಡಿ ಬಂದು, ಬಾಗಿಲಲ್ಲಿ ನಿಂತು, “ಅಪ್ಪಾ, ಅಮ್ಮ ನನ್ನ ಕೇಳಿದ್ಲಾ?” ಎಂದೆ. ನಾನು “ಇಲ್ಲಮ್ಮ, ನಿದ್ದೆಯಲ್ಲೇ ಹೋದ್ಲು” ಎಂದೆ. ಅಮ್ಮ ಸಿಟ್ಟಿನಲ್ಲೇ ಹೋದಳು ಎಂದು ನೀನು ಅಂದುಕೊಂಡಿದ್ದೀಯ. ಹಾಗೆ ಅಂದುಕೊಳ್ಳಲು ನಾನು ಬಿಟ್ಟೆ.

ಅವಳು ಕೇಳಿದಳು. ಬೆಳಗ್ಗೆ ಹತ್ತು ಗಂಟೆಗೆ, ಕಾಯಿಲೆಯ ಹಾಸಿಗೆಯಲ್ಲೇ, ನನ್ನ ಮಣಿಕಟ್ಟು ಹಿಡಿದುಕೊಂಡು “ಗುಬ್ಬೀನ ಕರೀರಿ” ಎಂದಳು. ನೀನು ಬಸ್ಸಿನಲ್ಲಿರುವಾಗ ಯಾರೂ ಫೋನ್ ಮಾಡಕೂಡದು ಎಂದು ಮೊದಲಿನಿಂದ ಕಟ್ಟುಪಾಡು ಮಾಡಿದವಳು ಅವಳೇ. ಅದನ್ನೇ ಹೇಳಿದೆ: “ಡ್ಯೂಟಿ ಮುಗಿಯೋದು ನಾಲ್ಕಕ್ಕೆ ಕಣೇ, ಆಮೇಲೆ ಕರೀತೀನಿ.” ಅವಳು “ಇವತ್ತು ಪರವಾಗಿಲ್ಲ, ಕರೀರಿ” ಎಂದಳು. ಡಿಪೋಗೆ ಫೋನ್ ಮಾಡಿದ್ದರೆ ಬೇರೆ ಡ್ರೈವರನ್ನು ಕಳಿಸಿ ನಿನ್ನನ್ನು ಬಿಡುತ್ತಿದ್ದರು. ನನಗೆ ಹೊಳೆಯಲಿಲ್ಲ ಎಂದು ಬರೆಯಲಾರೆ. ಹೊಳೆಯಿತು. ನಿನ್ನನ್ನು ಕರೆದರೆ, ಅವಳು ಉಳಿಯುವುದಿಲ್ಲ ಎಂದು ನಾನೇ ಒಪ್ಪಿಕೊಂಡಂತಾಗುತ್ತದೆ ಎಂದು ಹೆದರಿ ಫೋನ್ ಮುಟ್ಟಲಿಲ್ಲ. ಅವಳು ಮೂರು ಗಂಟೆಗೆ ಹೋದಳು.

ನನ್ನ ಆಸೆ ಏನೆಂದು ಮೇಲೆ ಬರೆದಾಗಿದೆ. ಆದರೆ ಫಾರಂನಲ್ಲಿ ನನ್ನ ಸಹಿ ಮಾತ್ರ ಇದೆ. ಎರಡು ಚೌಕಗಳನ್ನೂ ಹಾಗೇ ಬಿಟ್ಟಿದ್ದೇನೆ. ಅಮ್ಮ ನಿನ್ನನ್ನು ಎರಡು ಸಲ ಕರೆದಳು, ನಾನು ಕರೆಯಲಿಲ್ಲ. ಇಷ್ಟನ್ನು ತಿಳಿದುಕೊಂಡು, ಯಾವುದಕ್ಕೆ ಬೇಕೋ ಅದಕ್ಕೆ ನೀನೇ ಗುರುತು ಹಾಕು.