ಕಂಡದ್ದನ್ನು ಕಂಡೆನೆಂದವನಿಗೆ

ವಿರಿಂಬಾ, ಗಿಪ್ಸ್‌ಲ್ಯಾಂಡ್
ಭಾನುವಾರ, 13 ಸೆಪ್ಟೆಂಬರ್ 1953

ಪ್ರೀತಿಯ ಕ್ಲೆಮ್,

ನೀನು ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ. ನಾವೆಲ್ಲರೂ ಇಲ್ಲಿ ಕ್ಷೇಮ. ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಎದುರು ತಂಡದ ಲಿಂಡ್ಸೆಗೆ ಹೊಡೆದನೆಂದು ನೀನು ಅಂಪೈರ್ ಆಗಿ ಕೊಟ್ಟ ವರದಿಯ ಮೇಲೆ, ಹೋದ ಬುಧವಾರದ ವಿಚಾರಣೆಯಲ್ಲಿ ಅಣ್ಣ ಮರ್ವ್‌ನನ್ನು ಆಟದಿಂದ ಹೊರಗಿಟ್ಟರು. ಮುಂದಿನ ಶನಿವಾರ ನಮ್ಮ ವಿರಿಂಬಾ ತಂಡ ಗ್ರ್ಯಾಂಡ್ ಫೈನಲ್ ಆಡುತ್ತದೆ. ಯುದ್ಧಕ್ಕೆ ಮುಂಚೆ, ಅಪ್ಪ ಆಡುತ್ತಿದ್ದ ಕಾಲದಲ್ಲಿ ಗೆದ್ದದ್ದು ಬಿಟ್ಟರೆ ಈ ಊರಿಗೆ ಮತ್ತೆ ಪತಾಕೆ ಬಂದಿಲ್ಲ. ಮರ್ವ್‌ಗೆ ಈಗ ಮೂವತ್ತನಾಲ್ಕು, ಮೊಣಕಾಲು ಹೋಗಿದೆ, ಮುಂದಿನ ವರ್ಷ ಅವನು ಆಡುವುದಿಲ್ಲ. ಗುರುವಾರ ಸಂಜೆ ಲೀಗಿನ ಸಮಿತಿ ಇನ್ನೊಮ್ಮೆ ಸೇರುತ್ತದೆ. ಅಷ್ಟರೊಳಗೆ ನೀನು ಕಾರ್ಯದರ್ಶಿಗಳಿಗೆ ನಾಲ್ಕು ಸಾಲು ಬರೆದು, ಆ ಹೊತ್ತಿನಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಏಟು ಬಿದ್ದದ್ದು ಸ್ಪಷ್ಟವಾಗಿ ಕಾಣಲಿಲ್ಲ ಎಂದರೆ ಅವನನ್ನು ಆಡಲು ಬಿಡುತ್ತಾರೆ. ದವಡೆ ಮುರಿದುಕೊಂಡ ಲಿಂಡ್ಸೆಯೇ ತನ್ನನ್ನು ಯಾರೂ ಹೊಡೆಯಲಿಲ್ಲ ಎಂದ ಮೇಲೆ ನಿನಗೇಕೆ ಹಟ? ನೀನು ಬರೆದರೆ ಇಲ್ಲಿ ಎಲ್ಲರೂ ಎಲ್ಲವನ್ನೂ ಮರೆಯುತ್ತಾರೆ. ನಾನೂ ಮನೆಗೆ ಬರುತ್ತೇನೆ.

*

ಮೇಲಿನ ಹಾಳೆ ಅಮ್ಮ ಹೇಳಿ ಬರೆಸಿದ್ದು. ಪಕ್ಕದಲ್ಲೇ ಕೂತು ಕಾಲುಚೀಲ ಹೆಣೆಯುತ್ತಾ ಒಂದೊಂದು ಸಾಲನ್ನೂ ಬಗ್ಗಿ ನೋಡುತ್ತಿದ್ದಳು. ಬಿಸಿಲಿನ ಮಾತು ಪೂರ್ತಿ ಅವಳದೇ. ಆ ದಿನ ಮೋಡ ಇತ್ತಲ್ಲಮ್ಮ ಅಂದೆ. "ಬಿಸ್ಲು ಅಂತ ಬರಿ ನೀನು. ಸಮಿತಿಯವ್ರೇನು ಆಕಾಶ ನೋಡ್ಕೊಂಡು ಕೂತಿದ್ರಾ?" ಅಂದಳು. ಈಗ ಸಂಜೆ ಹಾಲು ಕರೆಯಲು ಎಲ್ಲರೂ ಕೊಟ್ಟಿಗೆಗೆ ಹೋಗಿದ್ದಾರೆ. ಪತ್ರ ಮುಗಿಸಲೆಂದು ನನ್ನೊಬ್ಬಳನ್ನು ಬಿಟ್ಟಿದ್ದಾರೆ. ಕರೆಯುವ ಯಂತ್ರದ ಸದ್ದು ನಿಲ್ಲುವ ತನಕ ಈ ಎರಡನೇ ಹಾಳೆ ನನ್ನದು.

ಕ್ಲೆಮ್, ನಾನಿಲ್ಲಿಗೆ ಬಂದು ಮೂರು ದಿನವಾಯಿತು. ಮದುವೆಗೆ ಮುಂಚೆ ನಾನು ಮಲಗುತ್ತಿದ್ದ ಕೋಣೆಯಲ್ಲಿ ಈಗ ಸೇಬಿನ ಪೆಟ್ಟಿಗೆ ಜೋಡಿಸಿದ್ದಾರೆ, ಅವುಗಳ ಮಧ್ಯೆ ನನಗೊಂದು ಮಂಚ. ನಿನ್ನ ಹೆಸರನ್ನು ಯಾರೂ ಎತ್ತುವುದಿಲ್ಲ. ನಾನು ಎತ್ತಿದರೆ ಚಹಾದ ಕೆಟಲ್ ನೋಡಲು ಎಲ್ಲರೂ ಒಟ್ಟಿಗೆ ಏಳುತ್ತಾರೆ. ಬೆಣ್ಣೆ ಕಾರ್ಖಾನೆಗೆ ಕೆನೆ ಕ್ಯಾನು ಇಳಿಸಲು ಬರುವ ರೈತರು ನಿನ್ನ ಜೊತೆ ಮಾತು ಬಿಟ್ಟಿದ್ದಾರೆಂದು ಅಪ್ಪ ಮೊನ್ನೆ ಊಟದ ಮಧ್ಯೆ ಹೇಳಿದ, ಅದೇನೋ ತಾನೇ ಗೋಲು ಹೊಡೆದ ಹಾಗೆ. ನೀನು ಅಲ್ಲಿ ಯಾರ ಮುಖವನ್ನೂ ನೋಡದೆ ತೂಕ ಬರೆದುಕೊಳ್ಳುತ್ತಿರುತ್ತೀಯ, ನಾನು ಇಲ್ಲಿ ನಮ್ಮವರ ನಡುವೆಯೇ ಕೂತು ಬಾಯಿ ಮುಚ್ಚಿಕೊಂಡಿರುತ್ತೇನೆ. ಇಷ್ಟು ಜನರಿರುವ ಮನೆಯಲ್ಲಿ ಇಷ್ಟು ಒಂಟಿಯಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಊಟಕ್ಕೆ ಯಾರು ಬಂದಿದ್ದರು ಹೇಳು? ಲಿಂಡ್ಸೆ! ಹೌದು, ಅದೇ ಲಿಂಡ್ಸೆ. ಹಲ್ಲುಗಳನ್ನೆಲ್ಲ ತಂತಿ ಹಾಕಿ ಬಿಗಿದಿದ್ದಾರೆ, ಕೆನ್ನೆ ಕುಂಬಳಕಾಯಿ ಆಗಿದೆ. ಸೆಮಿಫೈನಲ್ ಸೋತವರಿಗೆ ಸಿಗುವ ಇನ್ನೊಂದು ಆಟದಲ್ಲೂ ನಿನ್ನೆ ಅವನ ತಂಡ ಸೋತು ಹೊರಗೆ ಬಿತ್ತಲ್ಲ, ಹಾಗಾಗಿ ಅವನಿಗಿನ್ನು ವಿರಿಂಬಾ ಮೇಲೆ ಜಗಳವಿಲ್ಲ. ಮರ್ವ್ ತಾನೇ ಟ್ರಕ್ಕಿನಲ್ಲಿ ಹೋಗಿ ಕರಕೊಂಡು ಬಂದ. ಒಲೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು, ಭಾನುವಾರಗಳಲ್ಲಿ ನೀನು ಕೂರುತ್ತಿದ್ದ ಜಾಗ. ನಮಗೆಲ್ಲ ಹುರಿದ ಕುರಿಮಾಂಸ, ಅವನಿಗೆ ಅಮ್ಮ ಬೇರೆಯಾಗಿ ಸೂಪು ಮಾಡಿ ಸೋಸಿದ್ದಳು. ರಬ್ಬರ್ ಕೊಳವೆಯನ್ನು ಹಲ್ಲಿನ ಸಂದಿಗೆ ಇಟ್ಟು ಮರ್ವ್ ಹಿಡಿದುಕೊಂಡ. "ಏ ಕರು, ನಿಧಾನ ಕಣೋ, ಬಕೆಟ್ ಒದ್ದುಬಿಟ್ಟೀಯ," ಅಂದ. ಲಿಂಡ್ಸೆಗೆ ನಗು ತಡೆಯಲಾಗಲಿಲ್ಲ, ನಕ್ಕರೆ ನೋವು, ಸೂಪೆಲ್ಲ ಗಲ್ಲದ ಮೇಲೆ. ಅಮ್ಮ ಓಡಿಹೋಗಿ ತನ್ನ ಏಪ್ರನ್ನಿನಲ್ಲೇ ಒರೆಸಿದಳು.

ವಿಚಾರಣೆಯಲ್ಲಿ ಹೇಳಿದ್ದನ್ನೇ ಅವನು ಅಲ್ಲೂ ಹಲ್ಲು ಕಚ್ಚಿಕೊಂಡೇ ಇನ್ನೊಂದು ಸಲ ಹೇಳಿದ. "ನಾನೇ ಜಾರಿ ಹೋಗಿ ಅವ್ನ ಮೊಣಕೈಗೆ ಗುದ್ದಿದ್ದು. ಪಾಪ, ಅವ್ನ ಮೊಣಕೈ ಹೇಗಿದೆ ಅಂತ ಯಾರೂ ಕೇಳ್ಲೇ ಇಲ್ಲ!" ಅಪ್ಪ ಮೇಜು ಬಡಿದು ನಕ್ಕ. ಏಟು ತಿಂದವನು ಹೊಡೆದವನ ಹೆಸರು ಹೇಳುವುದು ನಮ್ಮ ಊರುಗಳ ಆಟದಲ್ಲಿ ಎಂದೂ ಇಲ್ಲ, ಅದು ನನಗೂ ಗೊತ್ತು, ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಅಮ್ಮ ನನ್ನ ಕಡೆ ತಿರುಗಿ, "ನೋಡು, ದವಡೆ ಮುರಿಸ್ಕೊಂಡೋನೇ ಬಂದು ಕೂತು ಉಣ್ತಿದಾನೆ. ಇವ್ನಿಗಿಲ್ದಿರೋ ನೋವು ನಿನ್ ಗಂಡಂಗ್ಯಾಕೆ?" ಅಂದಾಗ ನಾನು ಕೈಯಲ್ಲಿದ್ದ ಚಮಚ ಕೆಳಗಿಟ್ಟೆ. ಹೊಡೆದವನಿಗೆ ಅಲ್ಲಿ ಜಾಗವಿದೆ. ಏಟು ತಿಂದವನಿಗೂ ಇದೆ. ಯಾರಿಗೂ ಏನೂ ಮಾಡದ ನನ್ನ ಗಂಡನಿಗೆ ಮಾತ್ರ ತಟ್ಟೆಯಿಲ್ಲ. ನನಗೆ ಅಳು ಬಂತು. ಒಲೆಗೆ ಸೌದೆ ತರುವ ನೆಪ ಮಾಡಿ ಹಿತ್ತಿಲಿಗೆ ಹೋದೆ.

ಸೌದೆ ರಾಶಿಯ ಹತ್ತಿರ ಮರ್ವ್ ಹಿಂದೆಯೇ ಬಂದ. "ಹೊಡೆದೆ ಕಣೇ," ಅಂದ, ನಾನೇನೂ ಕೇಳದೆಯೇ. "ಆಟ ಶುರುವಾದಾಗಿಂದ ಅವ್ನು ಈ ಹಾಳು ಮೊಣಕಾಲಿಗೇ ಒದೀತಿದ್ದ. ಸಿಟ್ಟು ಬಂತು, ಕೊಟ್ಟೆ. ಕ್ಲೆಮ್ ಸರಿಯಾಗೇ ನೋಡಿದಾನೆ."

"ಹಾಗಾದ್ರೆ ಒಳಗೆ ಬಂದು ಹಾಗಂತ ಹೇಳು."

"ಯಾರಿಗೆ ಹೇಳ್ಲಿ? ಎಲ್ರಿಗೂ ಗೊತ್ತು. ಅಮ್ಮಂಗೂ ಗೊತ್ತು. ಅವ್ನು ನೋಡಿದ್ದು ತಪ್ಪಲ್ವೇ ಎನಿಡ್. ಬೆಂಕಿಪೊಟ್ಟಣ ಹುಡುಕೋ ಥರ ಜೇಬು ತಡಕಾಡ್ಕೊಂಡು ಆ ಕಡೆ ತಿರುಗಬಾರದಿತ್ತಾ? ಭಾವಮೈದ ಅಂತ ಅಷ್ಟೂ ಬೇಡ್ವಾ?"

ಅಂಪೈರ್ ಬಟ್ಟೆಗೆ ಜೇಬು ಎಲ್ಲಿರುತ್ತೆ ಅಂತ ಕೇಳಬೇಕೆನಿಸಿತು, ಆದರೆ ಅವನ ಮುಖ ನೋಡಿದರೆ ಬೈಯಲೂ ಮನಸ್ಸು ಬರಲಿಲ್ಲ. ಅಮ್ಮ ದಿನಾ ಒಂದು ಮಾತು ಹೇಳುತ್ತಾಳೆ: "ಯುದ್ಧ ನನ್ ಮಗನ ಆರು ವರ್ಷ ತಿಂತು. ಉಳಿದಿದ್ದ ಒಂದು ಶನಿವಾರ ನಿನ್ ಗಂಡ ತಿಂದ." ಮರ್ವ್ ಬರ್ಮಾ ಕಡೆಯ ಸೆರೆಯಿಂದ ಕಡ್ಡಿಯಾಗಿ ವಾಪಸ್ ಬಂದಾಗ, ರೈಲಿನಿಂದಿಳಿದು ಮೊದಲು ಕೇಳಿದ್ದು ಶನಿವಾರ ನಮಗೆ ಯಾರ ಮೇಲೆ ಆಟ ಅಂತ. ಅವನು ಆಡಬೇಕೆಂದು ನನಗೂ ಆಸೆಯಿದೆ. ಅಷ್ಟು ಆಸೆಯಿದೆ.

ನಿನಗೆ ಎಷ್ಟು ವರ್ಷದಿಂದ ಬೈಸಿಕೊಂಡು ಅಭ್ಯಾಸ! "ಕಣ್ಣು ಕಾಣ್ಸತ್ತೇನಯ್ಯಾ ನಿಂಗೆ?" "ಹೆಂಡ್ತಿ ಕನ್ನಡಕ ಇಸ್ಕೊಂಡು ಬಾರಯ್ಯಾ!" ಮೈದಾನದ ಸುತ್ತ ನಿಂತ ಒಂದೊಂದು ಕಾರಿನಿಂದಲೂ ಇದೇ ಕೂಗು. ಮನೆಗೆ ಬಂದು ನೀನೇ ಅವನ್ನು ಹೇಳಿ ನಗಿಸುತ್ತಿದ್ದೆ. ಕುರುಡನೆಂದು ಬೈದವರು ಈಗ ನೀನು ನೋಡಿಬಿಟ್ಟೆಯೆಂದು ಮಾತು ಬಿಟ್ಟಿದ್ದಾರೆ. ಇದನ್ನು ಹೇಳಿ ನಾವಿಬ್ಬರೂ ನಗಬಹುದಿತ್ತು. ಬುಧವಾರ ನೀನು ವಿಚಾರಣೆ ಮುಗಿಸಿ ಬಂದು, ಟೋಪಿ ತೂಗುಹಾಕಿ, ಹಾಲು ಇದೆಯಾ ಎಂದಷ್ಟೇ ಕೇಳಿದೆ. ಕುಡಿದು, ಲೋಟ ತೊಳೆದಿಟ್ಟು, ಮಲಗಿದೆ. ನನ್ನ ಅಣ್ಣನ ವಿಷಯ, ನನ್ನ ಹತ್ತಿರ ಒಂದು ಮಾತಿಲ್ಲ. ಆ ಮೌನ ತಡೆಯಲಾರದೆ ಬೆಳಗ್ಗೆ ಬಸ್ಸು ಹತ್ತಿದೆ. ಎರಡು ದಿನ ಅಮ್ಮನ ಮನೆ ಎಂದೆ, ನೀನು ತಲೆಯಾಡಿಸಿದೆ.

ಈಗ ಅರ್ಥವಾಗುತ್ತಿದೆ. ನೀನು ಮಾತಾಡಿದ್ದರೆ, ನೀನು ನೋಡಿದೆಯಾ ಎನಿಡ್ ಎಂದು ಕೇಳಲೇಬೇಕಾಗುತ್ತಿತ್ತು. ಕೇಳಿದರೆ ನಾನು ಅಣ್ಣನನ್ನೋ ನಿನ್ನನ್ನೋ ಬಿಟ್ಟುಕೊಡಬೇಕಿತ್ತು. ಅದಕ್ಕೇ ಕೇಳಲಿಲ್ಲ, ಅಲ್ಲವಾ? ನೀನು ಹಾಗೆಯೇ. ಕೇಳದಿದ್ದರೂ ಹೇಳುತ್ತೇನೆ, ಕೇಳು.

ನಾನು ನೋಡಿದೆ.

ಚೆಂಡು ಆ ತುದಿಯ ಗೋಲು ಕಂಬಗಳ ಹತ್ತಿರವಿತ್ತು. ನಮ್ಮ ಹುಡುಗ ಯಾವನೋ ಇಬ್ಬರ ಹೆಗಲ ಮೇಲೆ ಹಾರಿ ಅದನ್ನು ಕೈಯಲ್ಲಿ ಹಿಡಿದಿದ್ದ, ಹಾರ್ನುಗಳೆಲ್ಲ ಹೊಡೆದುಕೊಳ್ಳುತ್ತಿದ್ದವು, ಅಪ್ಪ ಸ್ಟಿಯರಿಂಗ್ ಕುಟ್ಟುತ್ತಿದ್ದ. ಜನ ಚೆಂಡು ನೋಡಲು ಬರುತ್ತಾರೆ. ನಾನು ಮದುವೆಯಾದಾಗಿನಿಂದ ಚೆಂಡು ನೋಡಿಯೇ ಇಲ್ಲ. ಬಿಳಿ ಬಟ್ಟೆಯಲ್ಲಿ ನೀನು ಓಡುವುದನ್ನು ನೋಡುತ್ತೇನೆ, ಎಲ್ಲಿ ಕೆಸರಿದೆ, ಎಲ್ಲಿ ಜಾರುತ್ತೀಯೋ ಅಂತ. ಆಗ ನೀನು ಥಟ್ಟನೆ ಹಿಂದೆ ತಿರುಗಿದೆ. ನೀನು ತಿರುಗಿದ ಕಡೆಗೆ ನಾನೂ ತಿರುಗಿದೆ. ಮರ್ವ್‌ನ ಮುಷ್ಟಿ, ಮೊಣಕೈ ಅಲ್ಲ. ಲಿಂಡ್ಸೆ ಆ ಕಡೆ ನೋಡುತ್ತಾ ನಿಂತಿದ್ದ, ಅವನಿಗೆ ಗೊತ್ತೇ ಆಗಲಿಲ್ಲ. ಇಡೀ ಮೈದಾನದಲ್ಲಿ ನಾವಿಬ್ಬರೇ ನೋಡಿದ್ದು.

ವಿಚಾರಣೆಯಲ್ಲಿ ನೀನೊಬ್ಬನೇ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ ನಿಂತಿದ್ದಿರಂತೆ. ನೀನು ಒಬ್ಬನೇ ಇರಲಿಲ್ಲ. ಇದೊಂದನ್ನು ನಿನಗೆ ತಿಳಿಸಬೇಕಿತ್ತು.

ಕಾರ್ಯದರ್ಶಿಗೆ ಬರೆಯಬೇಡ. ಗ್ರ್ಯಾಂಡ್ ಫೈನಲ್‌ಗೆ ನೀನೇ ಅಂಪೈರ್ ಎಂದು ಶುಕ್ರವಾರದ ಪತ್ರಿಕೆಯಲ್ಲಿ ಓದಿದೆ. ಎಷ್ಟು ವರ್ಷ ಕಾದಿದ್ದೆ ನೀನು ಅದಕ್ಕೆ! ಇಲ್ಲಿ ಯಾರ ಮುಂದೆ ಖುಷಿಪಡಲಿ? ಕೋಳಿಗೂಡಿಗೆ ಹೋಗಿ ಒಬ್ಬಳೇ ಖುಷಿಪಟ್ಟು ಬಂದೆ. ಕಣ್ಣು ಕಾಣಲಿಲ್ಲವೆಂದು ಬರೆದುಕೊಟ್ಟವನ ಕೈಗೆ ಆ ಆಟವನ್ನು ಅವರು ಕೊಡುವುದಿಲ್ಲ. ಕೊಟ್ಟರೂ, ಆಮೇಲೆ ನೀನು ಕನ್ನಡಿ ನೋಡಿ ಗಡ್ಡ ಬೋಳಿಸಿಕೊಳ್ಳುವಾಗ ಪಕ್ಕದಲ್ಲಿ ನಿಂತು ಬಿಸಿನೀರು ಕೊಡುವವಳು ನಾನೇ ತಾನೆ.

ಶನಿವಾರ ನೀನು ಮೈದಾನಕ್ಕಿಳಿದ ಕೂಡಲೇ ಏನಾಗುತ್ತದೆಂದು ನಿನಗೂ ಗೊತ್ತು. ಮರ್ವ್ ಇಲ್ಲದೆ ವಿರಿಂಬಾ ಸೋತರಂತೂ ಹೇಳುವುದೇ ಬೇಡ. ಉಣ್ಣೆಯ ಬನಿಯನ್ ಹಾಕಿಕೋ, ದಕ್ಷಿಣದ ಚಳಿಗಾಳಿ ಬೀಸುತ್ತಿದೆ. ಯಂತ್ರ ನಿಂತಿತು. ಅಮ್ಮನ ಬೂಟಿನ ಸದ್ದು ಕೇಳಿಸುತ್ತಿದೆ.

ನಿನ್ನವಳೇ,
ಎನಿಡ್

ತಾ.ಕ.: ಮೊದಲ ಹಾಳೆಯನ್ನು ಅಮ್ಮನಿಗೆ ಓದಿ ಹೇಳಿದೆ, ಈ ಎರಡನೆಯದು ನನ್ನ ಏಪ್ರನ್ ಜೇಬಿನಲ್ಲಿತ್ತು. ಅವಳು ನನ್ನ ಕೆನ್ನೆ ಹಿಡಿದು ಮುತ್ತಿಟ್ಟಳು. ಮುಂದಿನ ಭಾನುವಾರ ಅವನನ್ನೂ ಊಟಕ್ಕೆ ಕರಕೊಂಡು ಬಾ ಅಂದಳು. ಆ ಸಂತೋಷಕ್ಕೆ ಅಲ್ಲೇ ಮೊಟ್ಟೆ ಒಡೆದು, ಇವತ್ತಿನ ಕೆನೆ ಹಾಕಿ ಕೇಕು ಮಾಡಿದಳು. ಶನಿವಾರ ನಾನು ಅಪ್ಪನ ಕಾರಿನಲ್ಲೇ ಬರುತ್ತೇನೆ, ಬೇರೆ ದಾರಿಯಿಲ್ಲ. ಆದರೆ ಅದರಲ್ಲಿ ವಾಪಸ್ ಹೋಗುವುದಿಲ್ಲ. ನೀನು ಬಟ್ಟೆ ಬದಲಿಸುವ ತಗಡಿನ ಶೆಡ್ಡಿನ ಬಾಗಿಲಲ್ಲಿ, ಎಲ್ಲರಿಗೂ ಕಾಣುವ ಹಾಗೆ, ನಿನ್ನ ಕೋಟು ಹಿಡಿದುಕೊಂಡು ನಿಂತಿರುತ್ತೇನೆ. ಅಮ್ಮನಿಗೂ ಕಾಣುತ್ತದೆ. ಕೇಕನ್ನು ಎರಡು ತುಂಡು ಕೇಳಿ ತಿಂದೆ. ಶನಿವಾರದ ಮೇಲೆ ಅವಳ ಕೈಯಿಂದ ನನಗೆ ಸಿಗಲಾರದು.